ತೋಟದಲ್ಲಿ ನಡೆದ ಸಪ್ಪಳ

ಆ ಬೇಸಿಗೆಯಲ್ಲಿ ಹುಮನಾಬಾದಿನ ನಮ್ಮ ಶಾಲೆಯ ದಾಸ್ತಾನು ಕೋಣೆಯ ಮೂರು ಗೋಡೆಗೆ ಕೌದಿ ಕಟ್ಟಿದೆವು, ನಾಲ್ಕನೆಯದಕ್ಕೆ ಗೋಣಿತಟ್ಟು. ಕಿಟಕಿಗೆ ಹತ್ತಿಯ ಗಾದಿ ಆನಿಸಿದೆವು. ಇಷ್ಟಾದರೂ ಹೈದರಾಬಾದ ರಸ್ತೆಯ ಲಾರಿಗಳ ಹಾರ್ನು ಒಳಗೆ ಬರುತ್ತಿತ್ತು. ಲಾರಿ ದೂರ ಹೋಗುವ ತನಕ ಬೆವರು ಒರೆಸಿಕೊಳ್ಳುತ್ತಾ ಕಾಯುವುದು, ಮತ್ತೆ ಮೊದಲಿಂದ ಶುರು ಮಾಡುವುದು. ಫ್ಯಾನ್ ಹಾಕುವಂತಿರಲಿಲ್ಲ, ಅದರ ಸದ್ದನ್ನೂ ಧ್ವನಿಮುದ್ರಣದ ಯಂತ್ರ ಹಿಡಿಯುತ್ತಿತ್ತು.

ಓದು ಬಾರದ ಜನರಿಗಾಗಿ ಬೈಬಲಿನ ಕಥೆಗಳನ್ನು ನಮ್ಮ ಬೀದರ ಕಡೆಯ ಮಾತಿನಲ್ಲಿ ಗ್ರಾಮೊಫೋನ್ ತಟ್ಟೆ ಮಾಡಿಸುವ ಕೆಲಸ ಅದು. ಅದಕ್ಕಾಗಿ ಮದ್ರಾಸಿನಿಂದ ಒಬ್ಬ ರೆಕಾರ್ಡಿಸ್ಟ್ ಟೇಪಿನ ಯಂತ್ರ ಹೊತ್ತುಕೊಂಡು ಬಂದಿದ್ದರು. ಕನ್ನಡ ಅವರಿಗೆ ಬಾರದು, ಹಿಂದಿಯಲ್ಲಿ ಸಾಗಿಸುತ್ತಿದ್ದರು. ನಾನು ಆಗ ಆ ಶಾಲೆಯಲ್ಲಿ ಟೀಚರು, ಮದುವೆಯಾಗಿರಲಿಲ್ಲ. ಪುಸ್ತಕದ ಕನ್ನಡವನ್ನು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳ ಬಾಯಿಮಾತಿಗೆ ಇಳಿಸಿ ಬರೆದುಕೊಡುವುದು, ಧ್ವನಿಮುದ್ರಣವಾದ ಮೇಲೆ ಆ ಟೇಪನ್ನು ಊರುಗಳಲ್ಲಿ ಕೇಳಿಸಿ ಜನರಿಗೆ ತಿಳಿಯಿತೋ ಇಲ್ಲವೋ ನೋಡುವುದು ನನ್ನ ಪಾಲಿಗೆ ಬಂದಿತ್ತು. ನಾನು ಸರಿ ಎಂದರೆ ಮಾತ್ರ ಟೇಪು ಮದ್ರಾಸಿಗೆ ಹೋಗುವುದು. ತಟ್ಟೆ ಅಚ್ಚಾದ ಮೇಲೆ ಒಂದು ಅಕ್ಷರವನ್ನೂ ತಿದ್ದಲು ಬರುವುದಿಲ್ಲ. ಆ ಮಾತು ಕೇಳಿದ ದಿನದಿಂದಲೇ ನನ್ನ ಎದೆಯಲ್ಲಿ ಒಂದು ಅಳುಕು ಸೇರಿಕೊಂಡಿತ್ತು.

ಮೊದಲ ಕಥೆ ಏದೆನ್ ತೋಟದ್ದು. ಗಂಡ ಹೆಂಡತಿ ತಿನ್ನಬಾರದ ಹಣ್ಣು ತಿಂದು ಗಿಡಗಳ ನಡುವೆ ಅಡಗಿಕೊಳ್ಳುತ್ತಾರೆ. ಸಂಜೆಯ ತಂಪು ಹೊತ್ತಿನಲ್ಲಿ ದೇವರು ತೋಟದಲ್ಲಿ ನಡೆದು ಬರುವ ಸಪ್ಪಳ ಅವರಿಗೆ ಕೇಳಿಸುತ್ತದೆ. ಎಲ್ಲಿದ್ದೀ ಎಂದು ದೇವರು ಕೇಳುತ್ತಾನೆ. ಬರೆಯಲು ಕುಳಿತಾಗ ನನಗೆ ಅಲ್ಲಿಯೇ ತಡೆಯಾಯಿತು. ಎಷ್ಟು ಸಲ ಓದಿದ ಕಥೆ, ಆದರೆ ನಮ್ಮ ಮಾತಿಗೆ ಇಳಿಸಿದಾಗ ದೇವರು ಪಕ್ಕದ ಓಣಿಯ ಯಜಮಾನನ ಹಾಗೆ ಕಂಡ. ನಮ್ಮ ಸಭೆಯ ಪಾದ್ರಿಗಳ ಹತ್ತಿರ ಹೋಗಿ, ದೇವರಿಗೆ ಕಾಲಿದೆಯೇ, ಎಲ್ಲ ಬಲ್ಲವನು ಎಲ್ಲಿದ್ದೀ ಎಂದು ಯಾಕೆ ಕೇಳಬೇಕು ಎಂದೆ.

ಅವರು ವಯಸ್ಸಾದವರು, ಯಾವುದಕ್ಕೂ ಅವಸರವಿಲ್ಲದವರು. "ಹೊತ್ತು ಮುಳುಗ್ತು ಅಂತೀವಿ ಟೀಚರ್‌ಬಾಯಿ, ಹೊತ್ತು ಎಲ್ಲಿ ಮುಳುಗ್ತದ? ನಾವು ನಿಂತ ಕಡಿಂದ ಹಂಗ ಕಾಣ್ತದ, ಹಂಗ ಅಂತೀವಿ. ದೇವರ ಬಗ್ಗೆನೂ ಮನುಷ್ಯ ತಾನು ನಿಂತ ಕಡಿಂದನೇ ಮಾತಾಡಬೇಕು. ಬ್ಯಾರೆ ಮಾತು ನಮ್ಮ ಹತ್ರ ಇಲ್ಲ" ಎಂದರು. ಅರ್ಥವಾದಂತಾಯಿತು. ಇದ್ದದ್ದನ್ನು ಇದ್ದ ಹಾಗೆ ಬರೆದೆ.

ದೇವರ ಮಾತಿಗೆ ದನಿ ಬೇಕಿತ್ತಲ್ಲ, ಅದಕ್ಕೆ ಸಭೆಯ ಹಿರಿಯರೊಬ್ಬರನ್ನು ಆರಿಸಿದೆವು. ಪೊಲೀಸಿನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಅವರು ಪ್ರಾರ್ಥನೆ ಮಾಡಿದರೆ ರಸ್ತೆಗೆ ಕೇಳಿಸುತ್ತಿತ್ತು. ಕೋಣೆಯ ಆ ತುದಿಯಲ್ಲಿ ನಿಂತು ಅವರು "ಆದಾಮಾ! ಎಲ್ಲಿ ಅದಿಯೋ?" ಎಂದಾಗ ಯಂತ್ರದ ಸದ್ದು ಅಳೆಯುವ ಮುಳ್ಳು ಪೂರ್ತಿ ಬಲಕ್ಕೆ ಹೋಗಿ ನಡುಗಿತು. ನಾನು ಬರೆದದ್ದು "ಎಲ್ಲಿ ಅದೀ" ಅಂತ ಅಷ್ಟೇ, ಕೊನೆಯ ಆ "ಯೋ" ಅವರು ಸೇರಿಸಿದ್ದು. ರೆಕಾರ್ಡಿಸ್ಟರಿಗೆ ಬಹಳ ಹಿಡಿಸಿತು. ಅದಕ್ಕಿಂತ ಮುಂಚೆ ಕಾಲ ಸಪ್ಪಳವನ್ನೂ ಕೂಡಿಸೋಣ, ಬರೆದಂತೆಯೇ ಆಗಲಿ ಎಂದರು. ಅಂಗಳದಲ್ಲಿ ಸಣ್ಣ ಕಲ್ಲಿನ ಗರಸು ಹರಡಿ, ಹವಾಲ್ದಾರರು ಹಳೆಯ ಬೂಟು ಹಾಕಿಕೊಂಡು ನಿಧಾನವಾಗಿ ನಡೆದರು. ಟೇಪಿನಲ್ಲಿ ಕೇಳಿದಾಗ ನನಗೂ ಮೈ ಝುಂ ಎಂದಿತು, ಕಥೆಗೆ ಕಳೆ ಬಂತು ಅನಿಸಿತು. ತಟ್ಟೆಯ ಒಂದು ಬದಿಗೆ ಮೂರು ಮೂರೂವರೆ ನಿಮಿಷದ ಮಾತು ಮಾತ್ರ ಹಿಡಿಯುತ್ತಿದ್ದುದರಿಂದ ಕಥೆಯ ಕೊನೆಯ ಕೆಲವು ಮಾತು ಕತ್ತರಿಸಿದೆವು.

ಮೊದಲ ಸಲ ಕೇಳಿಸಿದ್ದು ಬಸವಕಲ್ಯಾಣದಲ್ಲಿ, ಬಸ್ ನಿಲ್ದಾಣದ ಹಿಂದಿನ ನಮ್ಮವರೊಬ್ಬರ ಮನೆಯಲ್ಲಿ. ಅಕ್ಕಪಕ್ಕದ ಅಂಗಡಿಯವರೂ ಬಂದು ಕುಳಿತರು. ಬೂಟಿನ ಸಪ್ಪಳ ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದರು, ದನಿ ಬಂದಾಗ ಚಪ್ಪಾಳೆ ತಟ್ಟಿದರು. ಖರೇ ನಾಟಕ ನೋಡಿದಂಗ ಆತು ಎಂದು ಅಂಗಡಿಯವರೊಬ್ಬರು ಹೇಳಿದರು. ಇನ್ನೊಮ್ಮೆ ಹಚ್ಚಿಸಿಕೊಂಡು ಕೇಳಿದರು. ರೆಕಾರ್ಡಿಸ್ಟ್ ಅಲ್ಲಿಯೇ ಟೇಪಿನ ಡಬ್ಬಿಯ ಮೇಲೆ ಮದ್ರಾಸಿನ ವಿಳಾಸ ಬರೆದರು. ಇನ್ನು ಒಂದು ಹಳ್ಳಿಯಲ್ಲಿ ಕೇಳಿಸುವುದು ಉಳಿದಿತ್ತು.

ದುಬಲಗುಂಡಿಗೆ ಆದಿತ್ಯವಾರ ಬೆಳಿಗ್ಗೆಯ ಬಸ್ಸಿಗೆ ಹೋದೆವು, ಪಾದ್ರಿಗಳು, ರೆಕಾರ್ಡಿಸ್ಟ್, ನಾನು. ಅಲ್ಲಿಯ ನಮ್ಮ ಜನ ಹೆಚ್ಚಿನವರು ಕೂಲಿ ಮಾಡುವವರು. ಆರಾಧನೆ ಮುಗಿದ ಮೇಲೆ ಬ್ಯಾಟರಿ ಯಂತ್ರವನ್ನು ಮೇಜಿನ ಮೇಲಿಟ್ಟು ತಿರುಗಿಸಿದೆವು. ನಾನು ಯಂತ್ರ ನೋಡುತ್ತಿರಲಿಲ್ಲ, ನನ್ನ ಕೆಲಸ ಮುಖಗಳನ್ನು ನೋಡುವುದು. ಹೆಣ್ಣುಮಕ್ಕಳು ಗೋಡೆಗೆ ಆತು ಕುಳಿತಿದ್ದರು. ಹಣ್ಣಿನ ಮಾತಿಗೆ ನಕ್ಕರು. ಆಮೇಲೆ ಗರಸಿನ ಮೇಲೆ ಬೂಟು ನಡೆಯಿತು, ನಿಂತಿತು. ದನಿ ಬಂತು.

ಬಾಗಿಲ ಹತ್ತಿರ ಕುಳಿತಿದ್ದ ಒಬ್ಬ ಹೆಣ್ಣುಮಗಳು ಎದ್ದಳು. ಮೂವತ್ತರ ಒಳಗಿನವಳು. ಚೀರಲಿಲ್ಲ, ಯಾರನ್ನೂ ನೋಡಲಿಲ್ಲ. ತೊಡೆಯ ಮೇಲಿದ್ದ ಮೊಲೆಗೂಸನ್ನು ನೆಲದ ಮೇಲೆ ಮಲಗಿಸಿದಳು, ಕೆಳಗಿಟ್ಟ ಸದ್ದು ಯಾರಿಗೂ ಕೇಳಬಾರದು ಎನ್ನುವಷ್ಟು ಮೆಲ್ಲಗೆ. ಹೊರಗೆ ಹೋದಳು. ಬಯಲಕಡೆಗೆ ಹೋಗಿರಬೇಕು ಅಂದುಕೊಂಡೆ. ಟೇಪು ಮುಗಿಯಿತು, ಅವಳು ಬರಲಿಲ್ಲ. ಊಟವಾಯಿತು. ಕೂಸು ಎದ್ದು ಹಸಿದು ಅಳತೊಡಗಿತು. ಮನೆಯಲ್ಲಿ ಇಲ್ಲ, ಹಳ್ಳದ ಕಡೆ ಇಲ್ಲ. ಗಂಡಸರು ಹೊಲಗಳ ಕಡೆ ಅವಳ ಹೆಸರು ಹಿಡಿದು ಕೂಗುತ್ತಾ ಹೋದರು. ಭಾವಿಗಳಲ್ಲಿ ಇಣುಕಿ ನೋಡಿದರು. ಒಂದೊಂದು ಭಾವಿಯಿಂದ ಅವರು ತಲೆ ಎತ್ತುವ ತನಕ ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ.

ಕೂಸನ್ನು ಎತ್ತಿಕೊಂಡಿದ್ದ ಅವಳ ಅತ್ತೆಯನ್ನು ನಾನು ಕೇಳಿದೆ, ಆಕೆಗೆ ಮೊದಲು ಹೀಗೆ ಆಗಿತ್ತೇ ಎಂದು. ಮುದುಕಿ ಸುತ್ತ ನೋಡಿ ದನಿ ಇಳಿಸಿದಳು. ಸೊಸೆಯ ತವರು ಹುಲಸೂರ ಕಡೆಯ ಹಳ್ಳಿ. ಹೈದರಾಬಾದ ಸಂಸ್ಥಾನ ಬಿದ್ದ ಗಲಾಟೆಯ ವರ್ಷದಲ್ಲಿ ಇವಳಿನ್ನೂ ಸಣ್ಣವಳು. ಅಪ್ಪನನ್ನು ಹುಡುಕಿಕೊಂಡು ಕೆಲವರು ಊರಿಗೆ ಬಂದರು. ತಾಯಿತಂದೆ ಇವಳನ್ನು ಹಗೇವಿನಲ್ಲಿ ಇಳಿಸಿ ಮೇಲೆ ಕಲ್ಲು ಎಳೆದರು. ಹಗೇವು ಅಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡುವ ಕುಣಿ. ಬಂದವರು ಅಂಗಳದಲ್ಲಿ ಬೂಟುಗಾಲಿನಲ್ಲಿ ತಿರುಗಾಡುತ್ತಾ ಅಪ್ಪನ ಹೆಸರು ಹಿಡಿದು, ಎಲ್ಲಿದ್ದೀಯೋ ಎಂದು ಕೂಗಿದರು. ಎಲ್ಲಿ ಮಗಳು ಸಿಗುತ್ತಾಳೋ ಎಂದು ಅಪ್ಪ ತಾನೇ ಓ ಎಂದು ಎದುರಿಗೆ ಹೋದ. ಮತ್ತೆ ಬರಲಿಲ್ಲ.

"ಬೂಟ್ ಹಾಕ್ಕೊಂಡವರು ಯಾರು ಬಂದ್ರೂ ಆಕಿ ಇಂದಿಗೂ ಒಳಗ ಓಡತಾಳ್ರಿ" ಎಂದಳು.

ಹೊಲಗಳ ಕಡೆಯಿಂದ ಗಂಡಸರ ಕೂಗು ಇನ್ನೂ ಕೇಳುತ್ತಲೇ ಇತ್ತು. ಒಬ್ಬರಲ್ಲ, ಹತ್ತು ಜನ ಅವಳ ಹೆಸರು ಕೂಗುತ್ತಿದ್ದರು. ಓಡಿಹೋಗಿ ಅವರನ್ನು ಸುಮ್ಮನಿರಿಸಿದೆ. ಈ ಊರಿನಲ್ಲಿ ಹಳೆಯ ಹಗೇವು ಎಲ್ಲೆಲ್ಲಿ ಇವೆ ಎಂದು ಕೇಳಿದೆ.

ಒಬ್ಬ ವಯಸ್ಸಾದ ರೈತರ ದನದ ಹಟ್ಟಿಯ ಹಿಂದೆ ಒಂದೇ ಒಂದು ಉಳಿದಿತ್ತು, ವರ್ಷಗಟ್ಟಲೆ ಬಳಸದೆ ಬಿಟ್ಟದ್ದು. ಹೋಗಿ ನೋಡಿದರೆ ಬಾಯಿಯ ಮೇಲಿನ ಕಲ್ಲು ಅರ್ಧ ಸರಿದಿತ್ತು, ಅಂಚಿನಲ್ಲಿ ಹಸಿರು ಬಳೆಯ ಚೂರು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಕೆಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. ಮೇಲಿನಿಂದ ನಡುವಿನ ನೆಲ ಮಾತ್ರ ಕಾಣುತ್ತಿತ್ತು, ಸುತ್ತ ಕತ್ತಲೆ. ರೈತರು ನನ್ನನ್ನು ಹಿಂದಕ್ಕೆ ಎಳೆದರು. ಕೊಳೆತ ಜೋಳದ ಗಾಳಿ ಹಗೇವಿನ ತಳದಲ್ಲಿ ನಿಂತಿರುತ್ತದೆ, ಇಳಿದವನಿಗೆ ಕೂಗಲೂ ಹೊತ್ತು ಕೊಡುವುದಿಲ್ಲ ಎಂದರು. ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಉರಿ ಆರಿದರೆ ಕೆಳಗೆ ಉಸಿರಾಡುವ ಗಾಳಿಯಿಲ್ಲ ಎಂದರ್ಥ, ನಾವೆಲ್ಲ ಬಾಗಿ ನೋಡಿದೆವು. ಅರ್ಧಕ್ಕೆ ಹೋದಾಗ ಸಣ್ಣದಾಯಿತು, ತಳ ಮುಟ್ಟಿದಾಗ ಬೊಟ್ಟಿನಷ್ಟಾಯಿತು, ಆದರೆ ಆರಲಿಲ್ಲ.

ಬೇವಿನ ಟೊಂಗೆ ಕಡಿದು ತಂದು, ಹಗ್ಗಕ್ಕೆ ಕಟ್ಟಿ, ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿದರು. ಕಂದೀಲಿನ ಉರಿ ಸ್ವಲ್ಪ ಎದ್ದಿತು, ಇಳಿಯುವವರಿಗೆ ಅಡ್ಡವಾಗಬಾರದೆಂದು ಅದನ್ನು ಮೇಲೆ ಎಳೆದುಕೊಂಡರು. ಈಗ ಯಾರು ಇಳಿಯುವುದು? ಇಬ್ಬರು ಗಂಡಸರು ಮುಂದೆ ಬಂದರು. ಗಂಡಸಿನ ಕಾಲು ಆ ಬಾಯಿಯಲ್ಲಿ ಕಂಡರೆ ಅವಳ ಎದೆ ಒಡೆದೀತು ಅನಿಸಿತು ನನಗೆ. ಅತ್ತೆಗೆ ಇಳಿಯುವ ವಯಸ್ಸಲ್ಲ. ನಾನು ಹಗುರಿದ್ದೆ. ಧೈರ್ಯದ ಮಾತಲ್ಲ ಇದು. ಲೆಕ್ಕ ಹಾಕಿದರೆ ನಾನೇ ಉಳಿದಿದ್ದೆ. ಎಲ್ಲರೂ ಕಾಲಲ್ಲಿದ್ದ ಚಪ್ಪಲಿ ಬಿಟ್ಟು ದೂರ ಸರಿಯಬೇಕು ಎಂದು ಪಾದ್ರಿಗಳು ಹೇಳಿದರು. ರೈತರು ನನ್ನ ಕಂಕುಳಕ್ಕೆ ಹಗ್ಗ ಬಿಗಿದರು.

"ಮಾತಾಡಕೋತ ಇರಬೇಕ್ರಿ ಬಾಯಿ. ನಿಮ್ಮ ಮಾತು ನಿಂತ್ರ ನಾವು ಎಳೀತೀವಿ" ಎಂದರು.

ಒಳಗೆ ಇಳಿದಂತೆ ಹುಳಿ ನಾತ ಗಂಟಲಿಗೆ ಹತ್ತಿತು. ಕಾಲಿಗೆ ಮೆತ್ತನೆಯ ಹೊಟ್ಟು ತಾಗಿತು. ಮಾತಾಡುತ್ತಿರಬೇಕಲ್ಲ, ಆದರೆ ನನ್ನ ಬಾಯಿಗೆ ಬಂದದ್ದು ತಿಂಗಳಿನಿಂದ ಬರೆದು, ತಿದ್ದಿ, ಕೇಳಿದ ಆ ಒಂದೇ ಮಾತು. "ಎಲ್ಲಿ ಅದೀ ತಾಯಿ? ಎಲ್ಲಿ ಅದೀ?" ನನ್ನ ದನಿ ನನಗೇ ಯಾರದೋ ಎಂಬಂತೆ ಕೇಳಿತು. ಉತ್ತರವಿಲ್ಲ. ಕೈ ಚಾಚಿ ಗೋಡೆ ಸವರುತ್ತಾ ಹೋದೆ. ಅವಳು ಸಿಗುವುದಿಲ್ಲ ಎಂಬ ಭಯ ಹೋಗಿ, ಈಗ ಕೈಗೆ ಏನು ಸಿಕ್ಕೀತು ಎಂಬ ಭಯ ಹಿಡಿಯಿತು. ತಲೆ ತಿರುಗತೊಡಗಿತ್ತು. ಇನ್ನೊಂದು ಸಲ ಕೇಳುವಷ್ಟು ಉಸಿರು ಉಳಿದಿತ್ತು, ಕೇಳಿದೆ.

ಬಲಗಡೆಯಿಂದ, ನೆಲದ ಹತ್ತಿರದಿಂದ, ಪಿಸುಮಾತು ಬಂತು. "ಅಪ್ಪ ಹೋದನೇನ್ರಿ?"

ಹೋದ ಎನ್ನಲೇ, ಇದ್ದಾನೆ ಎನ್ನಲೇ? "ಮ್ಯಾಲ ನಿನ್ನ ಕೂಸು ಅಳಾಕತ್ತದ" ಎಂದೆ. ನಿಜವಾಗಿಯೂ ಅಳುತ್ತಿತ್ತು, ಕೆಳಗಿನವರೆಗೂ ಕೇಳುತ್ತಿತ್ತು. ಒಂದು ಕೈ ಬಂದು ನನ್ನ ಮುಂಗೈ ಹಿಡಿಯಿತು. ಹಗ್ಗ ಬಿಚ್ಚಿ ಅವಳಿಗೆ ಕಟ್ಟಿದೆ. ಅವಳನ್ನು ಎಳೆದುಕೊಂಡ ಮೇಲೆ ಹಗ್ಗ ಮತ್ತೆ ಕೆಳಗೆ ಬರುವ ತನಕ ಆ ಕತ್ತಲೆಯಲ್ಲಿ ಒಬ್ಬಳೇ ನಿಂತದ್ದು ನನಗೆ ಇಂದಿಗೂ ಕನಸಿನಲ್ಲಿ ಬರುತ್ತದೆ.

ಮೇಲೆ ಬಂದ ಮೇಲೆ ಇಬ್ಬರೂ ವಾಂತಿ ಮಾಡಿದೆವು. ಅವಳನ್ನು ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ ಹುಮನಾಬಾದಿನ ದವಾಖಾನೆಗೆ ಕರೆತಂದೆವು. ಊರು ಬಿಡುವಾಗ ಅವಳ ಗಂಡ ಯಂತ್ರದ ಕಡೆ ಬೊಟ್ಟು ಮಾಡಿ, ಆ ಪೆಟ್ಟಿಗೆ ಇನ್ನು ಈ ಊರಿಗೆ ತರಬೇಡಿ ಎಂದ. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವವನಂತೆ ಹೇಳಿದ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಮರುದಿನ ದವಾಖಾನೆಗೆ ಹೋದಾಗ ಅವಳು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಒಂದು ಮಾತು ಕೇಳಿದಳು. "ಆ ಕಥ್ಯಾಗ, ಅವ ಹುಡುಕಾಕ ಬಂದಿದ್ನೇನ್ರಿ, ಹಿಡಿಯಾಕ ಬಂದಿದ್ನೇನ್ರಿ?"

ಹುಡುಕಲು ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದೇವರು ಅವರನ್ನು ಶಪಿಸುತ್ತಾನೆ, ತೋಟದಿಂದ ಹೊರಗೆ ಹಾಕುತ್ತಾನೆ. ಅವಳಿಗೆ ಸುಳ್ಳು ಹೇಳಲು ಹೆದರಿದೆ, ನಿಜ ಹೇಳಲು ಇನ್ನೂ ಹೆದರಿದೆ. ಕೇಳಿಕೊಂಡು ಬರುತ್ತೇನೆ ಎಂದು ಎದ್ದು ಬಂದೆ.

ಅಂದು ಸಂಜೆ ದಾಸ್ತಾನು ಕೋಣೆಯಲ್ಲಿ ಹವಾಲ್ದಾರರೂ ಸೇರಿ ನಾವು ನಾಲ್ವರು ಕುಳಿತೆವು. ರೆಕಾರ್ಡಿಸ್ಟರದು ಅವರದೇ ನ್ಯಾಯ. ಆದದ್ದಕ್ಕೆ ಅವರಿಗೂ ನೋವಿತ್ತು. ಆದರೆ ಒಬ್ಬಳಿಗೆ ಹಳೆಯ ಪೆಟ್ಟು ಇದ್ದರೆ ಟೇಪಿನ ದೋಷ ಹೇಗಾಗುತ್ತದೆ, ಬಸವಕಲ್ಯಾಣದಲ್ಲಿ ಎಲ್ಲರೂ ಮೆಚ್ಚಿದರಲ್ಲ ಎಂದರು. ಅವರಿಗೆ ಇನ್ನು ಮೂರು ಜಿಲ್ಲೆಗಳ ಕೆಲಸ ಬಾಕಿ, ಮರುವಾರ ಹೊರಡಬೇಕು. ನಾನು ಸರಿ ಎಂದುಬಿಟ್ಟರೆ ಮುಗಿಯಿತು. ಈ ಟೇಪು ಎಲ್ಲೆಲ್ಲಿಗೆ ಹೋಗುತ್ತದೋ, ಅಲ್ಲಿ ಯಾವ ಬಾಗಿಲ ಹತ್ತಿರ ಯಾರು ಕುಳಿತಿರುತ್ತಾರೋ, ಅವರ ಹಿಂದೆ ಇಳಿಯುವವರು ಯಾರು? ಸರಿ ಎನ್ನಲಾರೆ ಎಂದೆ.

ಹವಾಲ್ದಾರರು ನಡೆದದ್ದನ್ನೆಲ್ಲ ಇನ್ನೊಮ್ಮೆ ಹೇಳಿಸಿಕೊಂಡರು. ಗಲಾಟೆಯ ವರ್ಷ ಅವರು ಈ ಕಡೆ ಇರಲಿಲ್ಲ, ದೂರದ ಠಾಣೆಯಲ್ಲಿದ್ದರು. ಆದರೂ ತಲೆ ತಗ್ಗಿಸಿ ಕುಳಿತರು. "ಅದು ನನ್ನ ದನಿ ಅಲ್ರಿ ಅಯ್ಯನವರೆ. ಅದು ನನ್ನ ನೌಕರಿ ದನಿ. ದೇವರಂದ್ರ ಹಂಗ ಮಾತಾಡ್ತಾನ ಅಂದ್ಕೊಂಡಿದ್ದೆ" ಎಂದರು.

ನಾನು ದವಾಖಾನೆಯಲ್ಲಿ ಕೇಳಿಸಿಕೊಂಡ ಪ್ರಶ್ನೆಯನ್ನು ಪಾದ್ರಿಗಳ ಮುಂದಿಟ್ಟೆ. ಅವರು ಪುಸ್ತಕ ತೆಗೆದು ಆ ಅಧ್ಯಾಯವನ್ನು ಕೊನೆಯ ತನಕ ಮೆಲ್ಲಗೆ ಓದಿದರು. ಶಾಪ ಬಂತು. ಅದು ಮುಗಿದು, ಹೊರಗೆ ಹಾಕುವ ಮೊದಲು, ದೇವರು ಅವರಿಬ್ಬರಿಗೂ ಚರ್ಮದ ಅಂಗಿ ಮಾಡಿ ತೊಡಿಸಿದ ಎಂದಿತ್ತು. ಜಾಗ ಸಾಲದೆಂದು ನಾವು ಕತ್ತರಿಸಿದ್ದ ಮಾತುಗಳಲ್ಲಿ ಅದೂ ಒಂದು.

"ಇದು ಬೇಕು. ಬೂಟು ಬ್ಯಾಡ" ಎಂದರು. ನಡೆದ ಸಪ್ಪಳ ಎಂದು ಬರೆದಿದೆಯಲ್ಲ, ಅದನ್ನು ಹೇಗೆ ಬಿಡುವುದು ಎಂದು ರೆಕಾರ್ಡಿಸ್ಟ್ ಕೇಳಿದರು. ಬಿಡುವುದು ಬೇಡ, ಬಾಯಲ್ಲಿ ಹೇಳೋಣ ಎಂದು ಹೇಳಿ ಪಾದ್ರಿಗಳು ನನ್ನ ಕಡೆ ತಿರುಗಿದರು. "ಹೊತ್ತು ಮುಳುಗ್ತು ಅಂತ ಹೇಳಬಹುದು ಟೀಚರ್‌ಬಾಯಿ. ಅದಕ್ಕ ನೀರಿನ ಸಪ್ಪಳ ಕೂಡಿಸಬಾರದು."

ರೆಕಾರ್ಡಿಸ್ಟ್ ಡಬ್ಬಿಯ ಮೇಲಿನ ಮದ್ರಾಸಿನ ವಿಳಾಸ ಹೊಡೆದುಹಾಕಿದರು. ಆಮೇಲೆ ಹೊಸ ಟೇಪು ತೆಗೆದರು. ಜಾಗಕ್ಕಾಗಿ ಶುರುವಿನ ಹಾರ್ಮೋನಿಯಂ ತೆಗೆದುಹಾಕಿದೆವು. ಬೂಟಿನ ಬದಲು ಎಲೆಯ ಸದ್ದು ಇರಲಿ ಎಂದು ಹುಣಸೆ ಟೊಂಗೆ ಆಡಿಸಿ ನೋಡಿದೆವು. ಯಾರೋ ಪೊದೆಯಲ್ಲಿ ಹೊಂಚುವಂತೆ ಕೇಳಿತು, ಅದನ್ನೂ ಬಿಟ್ಟೆವು. ಹವಾಲ್ದಾರರ ದನಿಯೇ ದೊಡ್ಡ ತೊಡಕಾಯಿತು. ಮೆಲ್ಲಗೆ ಹೇಳಿ ಎಂದರೆ ಅವರಿಗೆ ಬರುತ್ತಿರಲಿಲ್ಲ, ಗಂಟಲು ತಾನಾಗಿ ಏರುತ್ತಿತ್ತು. ಎರಡು ದಿನ ಹೀಗೇ ಹೋಯಿತು. ಕೊನೆಗೆ ರೆಕಾರ್ಡಿಸ್ಟ್ ಅವರನ್ನು ಚಾಪೆಯ ಮೇಲೆ ಕೂರಿಸಿ, ಮೈಕನ್ನು ತುಟಿಗೆ ಒಂದು ಗೇಣು ದೂರದಲ್ಲಿಟ್ಟು, ಮುಳ್ಳು ಇಷ್ಟರ ಮೇಲೆ ಹೋಗಬಾರದು ಎಂದು ತೋರಿಸಿದರು. ಹವಾಲ್ದಾರರು ಮುಳ್ಳನ್ನೇ ನೋಡುತ್ತಾ ಮಾತಾಡಿದರು. ದನಿಯೊಳಗೆ ಉಸಿರು ಸೇರಿತು. ಕೊನೆಯ "ಯೋ" ತಾನಾಗಿ ಬಿದ್ದುಹೋಯಿತು. ಶಾಪದ ಮಾತನ್ನೂ ಅದೇ ದನಿಯಲ್ಲಿ ಹೇಳಿದರು. ಅದು ಕೂಗಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿತು, ಆದರೆ ಓಡಿಹೋಗಬೇಕು ಅನಿಸಲಿಲ್ಲ.

ಬಸವಕಲ್ಯಾಣದ ಅದೇ ಮನೆಯಲ್ಲಿ ಮತ್ತೆ ಕೇಳಿಸಿದೆವು. ಬೂಟು ಎಲ್ಲಿ ಹೋಯಿತು ಎಂದು ಕೇಳಿದರು, ಮೊದಲಿನ ಮಜಾ ಇಲ್ಲ ಎಂದರು. ಚಪ್ಪಾಳೆ ಬರಲಿಲ್ಲ. ನಾನು ಸರಿ ಎಂದೆ. ಸರಿಯೋ ಎಂಬುದು ನನಗೆ ಗೊತ್ತಿರಲಿಲ್ಲ.

ಬಹಳ ತಿಂಗಳ ಮೇಲೆ ತಟ್ಟೆಗಳು ಬಂದವು. ದುಬಲಗುಂಡಿಗೆ ನಾನು ಪೆಟ್ಟಿಗೆ ಒಯ್ಯಲಿಲ್ಲ, ಬರಿಗೈಲಿ ಹೋದೆ. ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂಸು ಆಗಲೇ ಗೋಡೆ ಹಿಡಿದು ನಿಲ್ಲುತ್ತಿತ್ತು. ನನಗೆ ಮಣೆ ಹಾಕಿ, ಆ ಕಥೆ ನಿಮ್ಮ ಬಾಯಿಂದ ಹೇಳಿರಿ ಎಂದಳು. ಹೇಳಿದೆ, ಅಂಗಿ ತೊಡಿಸಿದ್ದೂ ಹೇಳಿದೆ, ಹೊರಗೆ ಹಾಕಿದ್ದೂ ಹೇಳಿದೆ. ಅವಳ ಕೈಯ ಮೊರ ಎಲ್ಲಿ ಅದೀ ಎನ್ನುವ ಕಡೆ ಮಾತ್ರ ನಿಂತಿತು, ಮತ್ತೆ ಆಡಿತು.

"ಅವನಿಗಿ ಎಲ್ಲಾ ಗೊತ್ತಿತ್ತಲ್ರಿ. ಮತ್ತ ಯಾಕ ಕೇಳಿದ?" ಎಂದಳು.

ಮನುಷ್ಯರಿಗೆ ತಿಳಿಯುವ ಹಾಗೆ ಬರೆದ ಮಾತು ಅದು ಎಂದು ಪಾದ್ರಿಗಳಿಂದ ಕೇಳಿದ್ದನ್ನು ಹೇಳತೊಡಗಿದೆ. ಅವಳು ತಲೆ ಅಲ್ಲಾಡಿಸಿದಳು.

"ನಾ ಅಲ್ಲೇ ಅದೀನಿ ಅಂತ ನಿಮಗೂ ಗೊತ್ತಿತ್ತು. ಮತ್ತೂ ಕೆಳಗಿಳದು ಕೇಳಿದ್ರಿ. ನಿಮ್ಮ ದನಿ ನಡಗಾಕತ್ತಿತ್ತು." ಮೊರದ ಜೋಳವನ್ನು ಬೆರಳಿನಿಂದ ಸರಿಸಿದಳು. "ಅವನ ದನಿನೂ ನಡಗಿತ್ತೇನ್ರಿ?"

ಹುಮನಾಬಾದಿಗೆ ಬಂದು ಪಾದ್ರಿಗಳಿಗೆ ಇದನ್ನು ಹಾಗೆಯೇ ಒಪ್ಪಿಸಿದೆ. ಅವರು ಪುಸ್ತಕ ತೆಗೆದು ಆ ಅಧ್ಯಾಯದ ಮೇಲೆ ಬೆರಳಾಡಿಸಿದರು.

"ಹಂಗ ಬರದಿಲ್ಲ" ಎಂದರು.

ನಾನು ಎದ್ದು ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಅವರ ಮಾತು ಬಂತು.

"ನಡಗಿಲ್ಲ ಅಂತನೂ ಬರದಿಲ್ಲ."